ಗರ್ಭಿಣಿಗೆ ನೋವಿನ ಮಾತ್ರೆ: ಸ್ಟ್ರಿಪ್‌ನ ಹಿಂಬದಿ ಓದಿಯೇ ಕೊಳ್ಳಿ

ಬೆಂಗಳೂರಿನ ಯಾವ ಮೆಡಿಕಲ್ ಶಾಪ್‌ನಲ್ಲಾದರೂ "ಸೊಂಟ ನೋವಿಗೆ ಮಾತ್ರೆ ಕೊಡಿ" ಎಂದರೆ ಸಾಕು, ಎರಡು ಕತ್ತರಿಸಿ ಕೈಗಿಡುತ್ತಾರೆ. ಹೊಟ್ಟೆ ಕಾಣದ ತಿಂಗಳುಗಳಲ್ಲಿ ಎದುರಿಗೆ ನಿಂತವರು ಗರ್ಭಿಣಿ ಎಂದು ಅಂಗಡಿಯವರಿಗೆ ತಿಳಿಯುವುದಿಲ್ಲ. ಗಂಡನೋ ತಮ್ಮನೋ ಹೋದರಂತೂ ಆ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ "ಗರ್ಭಿಣಿಗೆ ಬೇಕು, ಇಷ್ಟನೇ ತಿಂಗಳು" ಎಂದೇ ಮಾತು ಶುರುಮಾಡಿ. ಕತ್ತರಿ ಹಾಕುವ ಮುಂಚೆ ಪೂರ್ತಿ ಸ್ಟ್ರಿಪ್ ಈಸಿಕೊಂಡು ಹಿಂಬದಿಯ ಫೋಟೊ ತೆಗೆದುಕೊಳ್ಳಿ. ಒಳಗೆ ಏನಿದೆ, ಎಷ್ಟಿದೆ, ಎಕ್ಸ್‌ಪೈರಿ ಯಾವಾಗ ಎಂಬುದೆಲ್ಲ ಎಷ್ಟೋ ಸಲ ಅಂಗಡಿಯಲ್ಲೇ ಉಳಿಯುವ ತುಂಡಿನ ಮೇಲಿರುತ್ತದೆ.

ಹಿಂಬದಿಯಲ್ಲಿ ಹುಡುಕಬೇಕಾದ ಹೆಸರು ಒಂದೇ: ಪ್ಯಾರಾಸಿಟಮಾಲ್. ಅದರ ಜೊತೆ ಇನ್ನೊಂದು ಔಷಧ ಇರಬಾರದು. ಡೋಲೊ 650, ಕ್ಯಾಲ್ಪಾಲ್ 500 ಇಂಥವು ಸರಿ. ಜನೌಷಧಿ ಕೇಂದ್ರದ ಪ್ಯಾರಾಸಿಟಮಾಲ್ ಕೂಡ ಇದೇ ಔಷಧ, ಬೆಲೆ ಮಾತ್ರ ಕಡಿಮೆ.

500 ಅಥವಾ 650 ಮಿಲಿಗ್ರಾಂನ ಒಂದು ಮಾತ್ರೆಯಿಂದ ಶುರುಮಾಡಿ. ಮತ್ತೆ ಬೇಕಾದರೆ ಆರು ಗಂಟೆ ಬಿಟ್ಟು ತೆಗೆದುಕೊಳ್ಳಿ. ವಯಸ್ಕರಿಗೆ ಒಂದು ಸಲಕ್ಕೆ 1000 ಮಿಗ್ರಾಂ, 24 ಗಂಟೆಗೆ 4000 ಮಿಗ್ರಾಂ ಮೇಲಿನ ಮಿತಿ. ಮಿತಿ ಅಷ್ಟಿದೆಯೆಂದು ಅಷ್ಟೂ ನುಂಗಬೇಕಿಲ್ಲ. 650ರ ಎರಡು ಮಾತ್ರೆ ಒಟ್ಟಿಗೆ ನುಂಗಿದರೆ 1300 ಆಗಿ, ಒಂದು ಸಲದ ಮಿತಿ ಅಲ್ಲೇ ದಾಟುತ್ತದೆ. ತೂಕ 50 ಕೆಜಿಗಿಂತ ಕಡಿಮೆ ಇದ್ದರೆ ಕೆಜಿಗೆ 15 ಮಿಗ್ರಾಂ ಲೆಕ್ಕ ಹಿಡಿಯಿರಿ. 45 ಕೆಜಿಯವರಿಗೆ ಒಂದು ಸಲಕ್ಕೆ 675, ಅಂದರೆ 650ರ ಒಂದೇ ಮಾತ್ರೆ. ಲಿವರ್ ತೊಂದರೆ ಇರುವವರು ಕೇಳದೆ ತೆಗೆದುಕೊಳ್ಳಬಾರದು. ಎರಡು ಮೂರು ದಿನಕ್ಕೂ ನೋವು ಇಳಿಯದಿದ್ದರೆ ಮಾತ್ರೆ ಮುಂದುವರಿಸದೆ ನೋವಿನ ಕಾರಣ ನೋಡಿಸಿ.

ಲೆಕ್ಕ ತಪ್ಪುವುದು ನೆಗಡಿ ಬಂದಾಗ. ಸಿನಾರೆಸ್ಟ್‌ನಂಥ ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇದೆ. ಅದರ ಮೇಲೆ ಡೋಲೊ ನುಂಗಿದರೆ ಗೊತ್ತಿಲ್ಲದೆ ಡೋಸ್ ಎರಡರಷ್ಟಾಗುತ್ತದೆ, ಏಟು ಬೀಳುವುದು ಲಿವರ್‌ಗೆ. ಕ್ರೋಸಿನ್ ಪೇನ್ ರಿಲೀಫ್‌ನಲ್ಲಿ ಕೆಫೀನ್ ಸೇರಿದೆ. ಗರ್ಭಿಣಿಗೆ ದಿನಕ್ಕೆ ಕೆಫೀನ್ 200 ಮಿಗ್ರಾಂ ಒಳಗಿರಬೇಕು ಎನ್ನುತ್ತಾರೆ; ಫಿಲ್ಟರ್ ಕಾಫಿ ಬಿಡದವರು ಇದನ್ನೂ ಎಣಿಸಬೇಕಾದೀತು.

ಇನ್ನು ದೂರ ಇಡಬೇಕಾದವು. ಬ್ರಾಂಡ್ ಹೆಸರು ನಂಬುವವರು ಎಡವುವುದು ಇಲ್ಲೇ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಜೀರೊಡಾಲ್-ಪಿಯಲ್ಲಿ ಅಸೆಕ್ಲೊಫೆನಾಕ್ ಇದೆ. ಮುಟ್ಟಿನ ನೋವಿಗೆಂದು ಹಿಂದೆ ಕೊಂಡು ಬ್ಯಾಗಿನಲ್ಲೇ ಉಳಿದಿರುವ ಮೆಫ್ಟಾಲ್ ಸ್ಪಾಸ್‌ನಲ್ಲಿ ಮೆಫೆನಾಮಿಕ್ ಆಸಿಡ್ ಇದೆ. ಈ ಮೂರೂ ಒಂದೇ ಗುಂಪಿನ ಔಷಧಗಳು; ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್ ಕೂಡ ಅದೇ ಗುಂಪಿನವು. ಸುಮಾರು 20ನೇ ವಾರದ ನಂತರ ಮಗುವಿನ ಸುತ್ತಲಿನ ನೀರು ಬಹುಪಾಲು ಮಗುವಿನ ಮೂತ್ರದಿಂದಲೇ ಆಗುತ್ತದೆ. ಈ ಔಷಧಗಳು ಮಗುವಿನ ಕಿಡ್ನಿಯ ಕೆಲಸ ತಗ್ಗಿಸುವುದರಿಂದ ನೀರು ಕಡಿಮೆಯಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದೇ ಕಾರಣಕ್ಕೆ 2020ರ ಅಕ್ಟೋಬರ್‌ನಲ್ಲಿ, 20ನೇ ವಾರದಿಂದಲೇ ಇವನ್ನು ಬಿಡಿ ಎಂದು ಎಚ್ಚರಿಸಿತು. ಸುಮಾರು 30 ವಾರ ದಾಟಿದ ಮೇಲೆ ಇನ್ನೊಂದು ಅಪಾಯವಿದೆ: ಮಗುವಿನ ಹೃದಯದ ಹತ್ತಿರ, ಹುಟ್ಟಿದ ನಂತರ ಮುಚ್ಚಬೇಕಾದ ರಕ್ತನಾಳ ಹೊಟ್ಟೆಯಲ್ಲಿರುವಾಗಲೇ ಮುಚ್ಚಿಕೊಳ್ಳಬಹುದು. ಮೊದಲ ತಿಂಗಳುಗಳಲ್ಲೂ ಡಾಕ್ಟರ್ ಹೇಳದೆ ಬೇಡ.

ಜೆಲ್ ಮೇಲೆ ಹಚ್ಚುವುದಲ್ಲವೇ ಎಂದು ಸುಮ್ಮನಿರಬೇಡಿ. ವೊಲಿನಿಯಲ್ಲಿ ಡೈಕ್ಲೊಫೆನಾಕ್ ಇದೆ, ಚರ್ಮದಿಂದ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ತಲೆ ಸಿಡಿತಕ್ಕೆ ಕೊಡುವ ವ್ಯಾಸೊಗ್ರೇನ್‌ನಲ್ಲಿ ಎರ್ಗೊಟಮೈನ್ ಇದ್ದು, ಅದು ಗರ್ಭಕೋಶವನ್ನು ಹಿಂಡುತ್ತದೆ, ಮುಟ್ಟಲೇಬೇಡಿ. ಟ್ರಮಡಾಲ್ ಇರುವ ಅಲ್ಟ್ರಾಸೆಟ್ ಡಾಕ್ಟರ್ ಬರೆದುಕೊಟ್ಟರೆ ಮಾತ್ರ.

ಆಸ್ಪಿರಿನ್ ವಿಷಯದಲ್ಲಿ ಗೊಂದಲ ಜಾಸ್ತಿ. ತಲೆನೋವಿಗೆ ಆಸ್ಪಿರಿನ್ ಇರುವ ಡಿಸ್ಪ್ರಿನ್ ಬೇಡ. ಆದರೆ ಬಿಪಿ ಏರುವ ಅಪಾಯವಿರುವವರಿಗೆ ಡಾಕ್ಟರ್ 75 ಅಥವಾ 150 ಮಿಗ್ರಾಂನ ಇಕೋಸ್ಪ್ರಿನ್ (ಕಡಿಮೆ ಡೋಸ್‌ನ ಆಸ್ಪಿರಿನ್) ಬರೆಯುತ್ತಾರೆ. ಅದು ನೋವಿಗೆ ಕೊಟ್ಟದ್ದಲ್ಲ. "ಆಸ್ಪಿರಿನ್ ಕೆಟ್ಟದ್ದಂತೆ" ಎಂದು ಯಾರೋ ಹೇಳಿದ್ದಕ್ಕೆ ನೀವಾಗಿಯೇ ನಿಲ್ಲಿಸಬೇಡಿ.

ಪ್ಯಾರಾಸಿಟಮಾಲ್‌ನಿಂದ ಮಗುವಿಗೆ ಆಟಿಸಂ ಬರುತ್ತದೆ ಎಂಬ ಮಾತು 2025ರಲ್ಲಿ ವಾಟ್ಸಾಪ್ ತುಂಬ ಹರಡಿತು. ಸ್ವೀಡನ್‌ನ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ಇಟ್ಟುಕೊಂಡು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಡಹುಟ್ಟಿದವರನ್ನು ಹೋಲಿಸಿದಾಗ ಅಂಥ ಸಂಬಂಧ ಕಾಣಲಿಲ್ಲ. ಹೆದರಿ ಜ್ವರವನ್ನು ಹಾಗೇ ಬಿಡುವುದು ಒಳ್ಳೆಯದಲ್ಲ; ಜಾಸ್ತಿ ಜ್ವರವೇ ಮಗುವಿಗೆ ಕೇಡು ಮಾಡಬಹುದು.

ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಎಡಕ್ಕೆ ಹೊರಳಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಿ ನೋಡಿ. ಸೊಂಟಕ್ಕೆ ಹದವಾದ ಬಿಸಿಯ ಹಾಟ್ ವಾಟರ್ ಬ್ಯಾಗ್ ಹದಿನೈದು ನಿಮಿಷ ಇಡಬಹುದು, ಹೊಟ್ಟೆಯ ಮೇಲೆ ಬೇಡ. ಹಂಪ್ ತುಂಬಿದ ರಸ್ತೆಯಲ್ಲಿ ಸ್ಕೂಟರ್ ಸವಾರಿ, ಐಟಿ ಕೆಲಸದವರು ಏಳದೆ ಕೂರುವುದು, ಎರಡೂ ನೋವು ಹೆಚ್ಚಿಸುತ್ತವೆ. ಹಲ್ಲುನೋವನ್ನು ಮಾತ್ರೆಯಲ್ಲಿ ದೂಡುತ್ತಾ ಹೆರಿಗೆವರೆಗೆ ಕಾಯಬೇಡಿ, ಮರಗಟ್ಟಿಸುವ ಇಂಜೆಕ್ಷನ್ ಗರ್ಭಿಣಿಗೂ ಕೊಡುತ್ತಾರೆ.

ಕೆಲವು ನೋವನ್ನು ಮಾತ್ರೆಯಿಂದ ಅಡಗಿಸಲೇಬಾರದು. 20 ವಾರದ ನಂತರ ಬಿಡದ ತಲೆನೋವು, ಕಣ್ಣು ಮಂಜು, ಮುಖ ಊತ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಬಿಪಿ 140/90 ಅಥವಾ ಮೇಲೆ. ಮೊದಲ ತಿಂಗಳುಗಳಲ್ಲಿ ಕಿಬ್ಬೊಟ್ಟೆಯ ಒಂದು ಬದಿ ಮಾತ್ರ ಜೋರು ನೋವು. ಬಂದು ಹೋಗುವ ಹೊಟ್ಟೆ ಹಿಡಿತ, ರಕ್ತಸ್ರಾವ, ಉರಿಮೂತ್ರದ ಜೊತೆ ಜ್ವರ. ಇವುಗಳಲ್ಲಿ ಯಾವುದೇ ಕಂಡರೂ ತಾಯಿ ಕಾರ್ಡ್ ಹಿಡಿದು ಹೆರಿಗೆಗೆ ತೋರಿಸುವ ಆಸ್ಪತ್ರೆಗೇ ಹೋಗಿ, ರಾತ್ರಿಯಾದರೆ 108ಕ್ಕೆ ಕರೆಮಾಡಿ.

ಗೊತ್ತಿಲ್ಲದೆ ಒಂದು ಕಾಂಬಿಫ್ಲಾಮ್ ನುಂಗಿಬಿಟ್ಟಿದ್ದರೆ ಗಾಬರಿ ಬೇಡ. ಒಂದು ಮಾತ್ರೆಯಿಂದ ಕೆಡುಕಾಗುವುದು ಅಪರೂಪ. ಎರಡನೆಯದನ್ನು ತೆಗೆದುಕೊಳ್ಳದೆ, ಯಾವ ದಿನ, ಎಷ್ಟನೇ ವಾರ, ಎಷ್ಟು ಮಾತ್ರೆ ಎಂದು ಬರೆದಿಟ್ಟು ಡಾಕ್ಟರ್‌ಗೆ ತಿಳಿಸಿ. 20 ವಾರ ಮೀರಿದ ಮೇಲೆ ಕೆಲವು ದಿನ ಸತತವಾಗಿ ತೆಗೆದುಕೊಂಡಿದ್ದರೆ ನೀರಿನ ಪ್ರಮಾಣ ನೋಡಲು ಸ್ಕ್ಯಾನ್ ಮಾಡಿಸಬೇಕೇ ಎಂದು ಕೇಳಿ.