ಕಬ್ಬಿನ ಟ್ರೇಲರ್‌ಗೆ ಹಾಕಿದ 5,400 ರೂಪಾಯಿ

ಮುಧೋಳ ಕಡೆಯವರಿಗೆ ಹೇಳಬೇಕಾಗಿಲ್ಲ, ಹಂಗಾಮು ಶುರುವಾದರೆ ರಾತ್ರಿ ರಸ್ತೆ ತುಂಬಾ ಕಬ್ಬಿನ ಟ್ರ್ಯಾಕ್ಟರ್‌ಗಳೇ, ಒಂದೊಂದಕ್ಕೆ ಎರಡೆರಡು ಟ್ರೇಲರ್. ನನ್ನದೂ ಹಾಗೇ ಓಡುತ್ತದೆ. ಮೂರು ವರ್ಷದ ಹಿಂದೆ ಪಂಕ್ಚರ್ ಆಗಿ ರಸ್ತೆ ಬದಿ ನಿಂತಿದ್ದಾಗ, ಹಿಂದಿನ ಟ್ರೇಲರ್‌ಗೆ ಒಬ್ಬ ಹುಡುಗ ಬೈಕ್ ತಂದು ಗುದ್ದಿದ. ಕಾಲು ಮುರಿಯಿತು, ಸದ್ಯ ಜೀವ ಉಳಿಯಿತು. ದೀಪ ಇರಲಿಲ್ಲ ಅಂತಲ್ಲ, ಇತ್ತು. ಜೋತುಬಿದ್ದ ಸೋಗೆ, ಅಂದರೆ ಕಬ್ಬಿನ ಗರಿ, ಅದನ್ನು ಪೂರ್ತಿ ಮುಚ್ಚಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಎರಡೂ ಟ್ರೇಲರ್‌ಗೆ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ ರಿಫ್ಲೆಕ್ಟರ್ ಟೇಪಿಗೆ 1,800, ಎಲ್‌ಇಡಿ ದೀಪಕ್ಕೆ 1,200, ವೈರು-ಪ್ಲಗ್‌ಗೆ 600, ಕೊಂಡಿಯ ಸರಪಳಿ ಮತ್ತು ಲಾಕ್ ಪಿನ್‌ಗೆ 1,400. ಚಕ್ರಕ್ಕೆ ಕೊಡುವ ಮರದ ತುಂಡಿಗೆ 400, ಅದನ್ನು ಹಗ್ಗದಿಂದ ಟ್ರೇಲರ್‌ಗೇ ಕಟ್ಟಿದ್ದೇನೆ, ಯಾಕಂದ್ರೆ ಕಲ್ಲು ಇಟ್ಟರೆ ಹೊರಡುವಾಗ ರಸ್ತೆ ಮೇಲೇ ಬಿಟ್ಟು ಹೋಗ್ತೀವಿ, ಅದಕ್ಕೆ ಇನ್ನೊಬ್ಬ ಬೀಳ್ತಾನೆ. ಒಟ್ಟು 5,400. ಹಂಗಾಮಿಗೆ 120 ಟ್ರಿಪ್ ಹಿಡಿದರೆ ಟ್ರಿಪ್‌ಗೆ 45 ರೂಪಾಯಿ. ಆ ಹುಡುಗನ ಆಸ್ಪತ್ರೆಗೆ ನಾನು ಕೊಟ್ಟಿದ್ದು 60,000.

ಟೇಪು ಮೊದಲ ಸಲ ಹದಿನೈದೇ ದಿನಕ್ಕೆ ಕಿತ್ತು ಬಂತು. ತುಕ್ಕಿನ ಮೇಲೆ ಅದು ನಿಲ್ಲಲ್ಲ. ಉಜ್ಜುಕಾಗದ ಹಾಕಿ ತಿಕ್ಕಿ, ಥಿನ್ನರ್‌ನಲ್ಲಿ ಒರೆಸಿ, ಒಣಗಿದ ಮೇಲೆ ಅಂಟಿಸಿ, ಎರಡೂ ತುದಿಗೆ ರಿವೆಟ್ ಹೊಡೆಸಿದೆ. ದೀಪವನ್ನು ಟ್ರೇಲರ್ ಮೈಗೆ ಕೂರಿಸದೆ ಕಬ್ಬಿಣದ ಕೋಲಿಗೆ ಕಟ್ಟಿ, ಲೋಡಾದ ಮೇಲೆ ಸೋಗೆಯ ಹೊರಗೆ ಬರುವಂತೆ ಸಿಕ್ಕಿಸುತ್ತೇವೆ. ಖಾಲಿ ಮಾಡುವಾಗ ಮೊದಲು ಅದನ್ನು ಬಿಚ್ಚಬೇಕು, ಮರೆತರೆ ವೈರು ಹರಿಯುತ್ತದೆ. ಎರಡು ಸಲ ಹರಿದಿದೆ.

ತಲೆ ಕೆಡಿಸಿದ್ದು ಬ್ರೇಕು. ಎರಡೂ ಟ್ರೇಲರ್‌ಗೆ ಏರ್ ಬ್ರೇಕ್ ಹಾಕಿಸಲು 45,000 ಕೇಳಿದರು. ಅಷ್ಟು ಯಾಕೆ, ಹೊಲದಿಂದ ಡಾಂಬರು ರಸ್ತೆಗೆ ಬರುವ ಇಳಿಜಾರಿಗೆ ಹೆದರಿ ಒಂದೂವರೆ ಟನ್ ಕಡಿಮೆ ತುಂಬಿದರಾಯ್ತು, ಸುಮ್ನೆ ದುಡ್ಡು ಉಳಿಯುತ್ತೆ ಅಂದುಕೊಂಡೆ. ಉಳಿಯಲಿಲ್ಲ. ಟನ್ನಿಗೆ 250 ಬಾಡಿಗೆಯಂತೆ 120 ಟ್ರಿಪ್‌ಗೆ ಕಳೆದುಕೊಂಡಿದ್ದೂ 45,000ವೇ! ಮುಂದಿನ ವರ್ಷ ಬ್ರೇಕ್ ಹಾಕಿಸಿದೆ. ಹಾಗಂತ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದ ತೂಕಕ್ಕಿಂತ ಜಾಸ್ತಿ ತುಂಬಲ್ಲ, ಬ್ರೇಕ್ ಇರೋದು ಅದಕ್ಕಲ್ಲ.

ದುಡ್ಡು ಕಡಿಮೆ ಇದ್ದರೆ ಟೇಪು, ದೀಪ ಮೊದಲು ಹಾಕಿಸಿ. ಈಗ ಕಾರ್ಖಾನೆ ಸಾಲಿನಲ್ಲಿ ನಿಂತಾಗ ನಮ್ಮ ಡ್ರೈವರ್ ಒದ್ದೆ ಬಟ್ಟೆಯಲ್ಲಿ ಟೇಪಿನ ಮಣ್ಣು ಒರೆಸುತ್ತಾನೆ. "ಅಣ್ಣಾ, ದೂರದಿಂದ ಕಾಣಾಕತ್ತೈತಿ ನೋಡ್ರಿ" ಅಂತ ಕಳೆದ ವಾರ ಫೋನ್ ಮಾಡಿ ಹೇಳಿದ.