ಹಾಸನದಿಂದ ಲಂಡನ್ನಿಗೆ ಎಷ್ಟು ಹೊತ್ತು? ಮನೆಯಲ್ಲೇ ಲೆಕ್ಕ ಹಾಕಿ

ಮಧ್ಯಾಹ್ನ 1.30ಕ್ಕೆ ಬೆಂಗಳೂರು ಬಿಟ್ಟು ಅದೇ ಸಂಜೆ 6.30ಕ್ಕೆ ಲಂಡನ್. ಟಿಕೆಟ್ಟಿನಲ್ಲಿ ಹೀಗಿದ್ದರೆ ಐದೇ ಗಂಟೆ ಅನ್ನಿಸುತ್ತದೆ, ಅಲ್ವಾ? ಮಕ್ಕಳನ್ನು ನೋಡಲು ಮೊದಲ ಸಲ ಹೊರಟ ಹಿರಿಯರು ಇದನ್ನೇ ನಂಬಿ ಊಟ, ಮಾತ್ರೆ ಹೊಂದಿಸಿಕೊಂಡರೆ ಕಷ್ಟ. ಸಕ್ಕರೆ ಕಾಯಿಲೆ ಇದ್ದವರಿಗಂತೂ ನಿಜವಾದ ಹೊತ್ತು ಗೊತ್ತಿರಲೇಬೇಕು.

ಮೊದಲು ದೂರ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯಬೇಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಉತ್ತರದ ದೇಶಗಳು ಹಿಗ್ಗಿಬಿಡುತ್ತವೆ. ಮಕ್ಕಳ ಗ್ಲೋಬ್ ತೆಗೆದುಕೊಳ್ಳಿ, ಜೊತೆಗೊಂದು ದಾರ. ಸಮಭಾಜಕ ರೇಖೆಯ ಸುತ್ತ ದಾರ ಸುತ್ತಿ ಅಳೆಯಿರಿ. 63 ಸೆಂ.ಮೀ. ಬಂತು ಅಂದುಕೊಳ್ಳಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಹಾಗಾಗಿ ದಾರದ 1 ಸೆಂ.ಮೀ. ಅಂದರೆ ಸುಮಾರು 635 ಕಿ.ಮೀ. ಈಗ ಬೆಂಗಳೂರಿಂದ ಲಂಡನ್ನಿಗೆ ದಾರ ಬಿಗಿಯಾಗಿ ಎಳೆಯಿರಿ. ಹನ್ನೆರಡೂವರೆ ಸೆಂ.ಮೀ. ಆಸುಪಾಸು ಬರುತ್ತದೆ, ಅಂದರೆ 8,000 ಕಿ.ಮೀ.

ಸಾನ್ ಫ್ರಾನ್ಸಿಸ್ಕೋಗೂ ಎಳೆದು ನೋಡಿ. ದಾರ ಜಾರಿ ಜಾರಿ ಉತ್ತರಕ್ಕೆ ಏರಿ, ಸೈಬೀರಿಯಾ ದಾಟಿ, ಆರ್ಕ್ಟಿಕ್ ವೃತ್ತದೊಳಗೇ ಹಾದುಹೋಗುತ್ತದೆ! 22 ಸೆಂ.ಮೀ., ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾ ವಿಮಾನವನ್ನು ಅಲ್ಲಿಂದ ಎಲ್ಲೂ ಇಳಿಸದೆ ಬೆಂಗಳೂರಿಗೆ ತಂದದ್ದು ಉತ್ತರ ಧ್ರುವ ಪ್ರದೇಶದ ಮೇಲಿಂದಲೇ. ಮಕ್ಕಳಿಗೆ ದಾರ ಹಿಡಿಸಿ ಇದನ್ನು ತೋರಿಸಿ, ಮರೆಯುವುದಿಲ್ಲ.

ಆಮೇಲೆ ಹಾರುವ ಹೊತ್ತು. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ದೂರವನ್ನು 900ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಲಂಡನ್ನಿಗೆ ಸುಮಾರು ಒಂಬತ್ತೂವರೆ ಗಂಟೆ ಬಂತು. ಆದರೆ ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ಹೋಗುವಾಗ ಜಾಸ್ತಿ ಹೊತ್ತು.

ಟಿಕೆಟ್ಟಿನ ಸಮಯ ಆಯಾ ಊರಿನದು. ಎರಡನ್ನೂ ನಮ್ಮ ಸಮಯಕ್ಕೆ ತಂದೇ ಕಳೆಯಿರಿ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿನ ಸಂಜೆ 6.30 ಅಂದರೆ ಇಲ್ಲಿ ನಡುರಾತ್ರಿ 12. ಪ್ರಯಾಣ ಹತ್ತೂವರೆ ಗಂಟೆ! ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ವ್ಯತ್ಯಾಸ ನಾಲ್ಕೂವರೆಯೇ.

ದುಬೈ ಮೇಲೆ ಹೋದರೆ ದೂರ ಅಷ್ಟೇನೂ ಹೆಚ್ಚುವುದಿಲ್ಲ. ಹೆಚ್ಚುವುದು ಅಲ್ಲಿ ಕಾಯುವ ಹೊತ್ತು. ಅಪ್ಪ-ಅಮ್ಮ ಇಬ್ಬರೇ ಹೋಗುವುದಾದರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ನೇರ ವಿಮಾನವೇ ವಾಸಿ.

ಕೊನೆಗೆ ಮನೆಬಾಗಿಲಿನ ಲೆಕ್ಕ. ಹಾಸನದಿಂದ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ. ಅಲ್ಲಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಕಾರಿಗೆ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ. ವಿಮಾನಕ್ಕೆ ಮೂರು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಹತ್ತೂವರೆ, ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಅಂತ ಒಂದೂವರೆ. ಒಟ್ಟು ಹತ್ತೊಂಬತ್ತೂವರೆ ಗಂಟೆ. ಚಿಕ್ಕಮಗಳೂರಿನವರು ಇನ್ನೂ ಒಂದು ಗಂಟೆ ಸೇರಿಸಿಕೊಳ್ಳಿ.