ರೇಡರ್ ಆಗಿದ್ದವನು ಸೀಟಿ ಹಿಡಿದ ಮೇಲೆ

ಕಬಡ್ಡಿಯಲ್ಲಿ ನಾನು ರೇಡರ್ ಆಗಿದ್ದೆ, ಅಂದರೆ ಎದುರು ತಂಡದ ಕಡೆಗೆ ನುಗ್ಗಿ ಮುಟ್ಟಿ ಬರುವವನು. ಮುಧೋಳ, ಜಮಖಂಡಿ, ಬೀಳಗಿ ಕಡೆ ಎಲ್ಲಿ ಪಂದ್ಯಾವಳಿ ಇದ್ದರೂ ಹೋಗುತ್ತಿದ್ದೆ. ಮುಂದೆ ಸಂಬಳಕ್ಕೂ ಆಡಿದೆ. ಎದುರಿಗೆ ನಿಂತವನ ಕಣ್ಣು, ಭುಜ ನೋಡಿದರೆ ಸಾಕು, ಯಾರು ಮೊದಲು ಕೈ ಹಾಕುತ್ತಾರೆ ಅಂತ ಗೊತ್ತಾಗುತ್ತಿತ್ತು. ಅಂಪೈರ್ ಆಗಲು ಹೊರಟಾಗ ಮೊದಲು ಬಿಡಬೇಕಾಗಿ ಬಂದದ್ದು ಇದೇ ಅಭ್ಯಾಸ. ಅಂಪೈರ್‌ಗೆ ಮುಖ ಬೇಕಿಲ್ಲ. ಕಾಲು ಬೇಕು, ಗೆರೆ ಬೇಕು.

ಪರೀಕ್ಷೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ನಿಯಮದ ಪುಸ್ತಕ ಚೆನ್ನಾಗಿ ಓದಿದರೆ ಬರೆಯುವುದು ಕಷ್ಟವಲ್ಲ. ಅಂಕಣದಲ್ಲಿ ನಿಂತು ತೀರ್ಪು ಕೊಡುವುದೇ ನಿಜವಾದ ಪರೀಕ್ಷೆ.

ಬೋನಸ್ಸನ್ನೇ ತಗೊಳ್ಳಿ, ಅಂದರೆ ಯಾರನ್ನೂ ಮುಟ್ಟದೆಯೂ ರೇಡರ್‌ಗೆ ಸಿಗುವ ಹೆಚ್ಚುವರಿ ಅಂಕ. ಗಂಡಸರ ಅಂಕಣದಲ್ಲಿ ನಡುಗೆರೆಯಿಂದ 3.75 ಮೀಟರ್ ದೂರಕ್ಕೆ ಬಾಕ್ ಲೈನ್, ಅಲ್ಲಿಂದ ಇನ್ನೂ 1 ಮೀಟರ್ ಆಚೆ ಬೋನಸ್ ಗೆರೆ. ಎದುರಿಗೆ ಕಡಿಮೆ ಎಂದರೂ 6 ಜನ ಇರಬೇಕು. ರೇಡರ್‌ನ ಒಂದು ಪಾದ ಗೆರೆ ದಾಟಿ ಊರಿರಬೇಕು, ಆ ಹೊತ್ತಿಗೆ ಇನ್ನೊಂದು ಕಾಲು ಗಾಳಿಯಲ್ಲಿರಬೇಕು. ಪಾದ ಗೆರೆ ಮೇಲೆ ಬಿದ್ದರೆ ಸಾಲದು. ಅದೂ ಎದುರಿನವರ ಮೈ ತಾಗುವ ಮೊದಲೇ ಆಗಿರಬೇಕು. ಇಷ್ಟೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಎಲ್ಲರೂ ಮುಂದೆ ಹೋದ ಕಾಲನ್ನೇ ನೋಡುತ್ತಾರೆ, ಪ್ರೇಕ್ಷಕರಂತೂ ಅದನ್ನು ನೋಡಿಯೇ ಕೂಗುತ್ತಾರೆ. ನಾನು ಹಿಂದಿನ ಕಾಲಿನ ಹಿಮ್ಮಡಿ ನೋಡುವುದನ್ನು ರೂಢಿ ಮಾಡಿಕೊಂಡೆ. ಮುಂದಿನ ಪಾದ ಬಿಳಿ ಗೆರೆಯಾಚೆ ಬಿದ್ದದ್ದು ಕಣ್ಣಂಚಿಗೇ ಕಾಣುತ್ತದೆ. ಹಿಮ್ಮಡಿ ಎದ್ದು, ಬೆರಳು ಮಾತ್ರ ಇನ್ನೂ ನೆಲದಲ್ಲಿದ್ದರೆ ಅದು ಬೋನಸ್ ಅಲ್ಲ. ಇದನ್ನು ಹಿಡಿಯಬೇಕೆಂದರೆ ಸೊಂಟ ಬಗ್ಗಿಸಿ, ಗೆರೆಯ ನೇರಕ್ಕೇ ನಿಲ್ಲಬೇಕು. ಎರಡು ಹೆಜ್ಜೆ ಆಚೀಚೆ ಆದರೂ ಕಾಲು ಗೆರೆ ದಾಟಿದ ಹಾಗೇ ಕಾಣುತ್ತದೆ.

ಜಾತ್ರೆಯ ಪಂದ್ಯಗಳಲ್ಲಿ ಇನ್ನೊಂದು ಪಾಡು. ಮಣ್ಣಿನ ಅಂಕಣ, ಸುಣ್ಣದ ಪುಡಿಯ ಗೆರೆ. ಹತ್ತು ನಿಮಿಷ ಆಡುವಷ್ಟರಲ್ಲಿ ಬಾಕ್ ಲೈನ್ ಅರ್ಧ ಅಳಿಸಿರುತ್ತದೆ. ರೇಡರ್ ಆ ಗೆರೆಯನ್ನೂ ದಾಟದೆ, ಯಾರನ್ನೂ ಮುಟ್ಟದೆ ವಾಪಸ್ ಬಂದರೆ ಔಟ್. ಗೆರೆಯೇ ಕಾಣದಿದ್ದರೆ ಏನಂತ ಹೇಳೋದು? ಹಾಗಾಗಿ ಗೆರೆ ಮಸುಕಾದ ಕೂಡಲೇ ಆಟ ನಿಲ್ಲಿಸಿ ಮತ್ತೆ ಹಾಕಿಸುತ್ತೇನೆ. ಸಂಘಟಕರು ಟೈಮ್ ಆಯಿತು ಅಂದರೂ ಬಿಡುವುದಿಲ್ಲ. ಮೈಕ್ ಹಿಡಿದವರಿಗೆ ಪಂದ್ಯಕ್ಕೆ ಮುಂಚೆಯೇ ಒಂದು ಮಾತು ಹೇಳಿರುತ್ತೇನೆ: ರೇಡ್ ನಡೆಯುವ 30 ಸೆಕೆಂಡ್ ಸುಮ್ನಿರಿ ಅಂತ. ‘ಕಬಡ್ಡಿ ಕಬಡ್ಡಿ’ ದನಿ ತುಂಡಾಯಿತಾ ಇಲ್ಲವಾ ಕಿವಿಗೆ ಬೀಳಬೇಕಲ್ವಾ?

ಆಡಿದ ಅನುಭವ ದೊಡ್ಡ ಆಸ್ತಿ. ರೇಡರ್‌ನ ಕೈಕಾಲು, ಮುಂಡ ಬಿಟ್ಟು ಬೇರೆಲ್ಲೂ ಹಿಡಿಯುವಂತಿಲ್ಲ. ಆದರೆ ನಾಲ್ಕು ಜನ ಮೈಮೇಲೆ ಬಿದ್ದಾಗ, ಕೆಳಗೆ ಯಾರದೋ ಒಂದು ಕೈ ಜರ್ಸಿ ಹಿಡಿದಿರುತ್ತದೆ, ಇಲ್ಲವೇ ಬಾಯಿ ಮುಚ್ಚಿರುತ್ತದೆ. ಆ ಕೈ ಯಾವ ಕಡೆಯಿಂದ ಬರುತ್ತದೆ ಅಂತ ನನಗೆ ಗೊತ್ತು, ಯಾಕೆಂದರೆ ಅದನ್ನು ನಾನೇ ಅನುಭವಿಸಿದ್ದೇನೆ. ಗುಂಪು ಕುಸಿಯುವ ಮೊದಲೇ ಆ ಕಡೆಗೆ ಓಡುತ್ತೇನೆ.

ಜತೆಗೆ ಆಡಿದವರ ಪಂದ್ಯಕ್ಕೆ ಸೀಟಿ ಹಿಡಿಯುವುದು ಮನಸ್ಸಿಗೆ ಕಷ್ಟ. ನನ್ನ ಹಳೇ ಜತೆಗಾರನೊಬ್ಬ ಈಗ ಊರ ತಂಡದ ಕ್ಯಾಪ್ಟನ್. ಬೋನಸ್ ಕೊಡದಿದ್ದಾಗ ಓಡಿ ಬಂದ. “ಏನ್ ದೋಸ್ತ, ನಮ್ಮವರಿಗೂ ಹಿಂಗ ಮಾಡ್ತಿ ಏನ?” ಅಂದ. “ಕ್ಯಾಪ್ಟನ್, ನಿಮ್ಮ ಹುಡುಗನ ಹಿಂದಿನ ಕಾಲು ನೆಲದ ಮ್ಯಾಲೆ ಇತ್ರಿ” ಅಂದೆ. ಒಂದು ಗಳಿಗೆ ನನ್ನ ಮುಖ ನೋಡಿ ವಾಪಸ್ ಹೋದ. ಅಂಕಣದಲ್ಲಿ ಯಾರನ್ನೂ ಅಣ್ಣಾ, ತಮ್ಮಾ ಅನ್ನುವುದಿಲ್ಲ. ಏನು ಕಂಡೆ ಅನ್ನುವುದನ್ನು ಒಂದೇ ಮಾತಲ್ಲಿ ಹೇಳುತ್ತೇನೆ. ಕಾರ್ಡಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ. ಅದಕ್ಕೂ ಕೇಳದಿದ್ದರೆ ಹಸಿರು ಕಾರ್ಡು ತೋರಿಸಿ ಎಚ್ಚರಿಸುತ್ತೇನೆ, ಆಮೇಲೆ ಹಳದಿ. ಹಳದಿ ಬಂತೆಂದರೆ 2 ನಿಮಿಷ ಹೊರಗೆ.

ದುಡ್ಡು? ಆಡುವಾಗ ಸಿಕ್ಕಷ್ಟು ಇದರಲ್ಲಿ ಸಿಗುವುದಿಲ್ಲ. ಓಡಾಟದ ಖರ್ಚು, ಒಂದಿಷ್ಟು ಗೌರವಧನ, ಅಷ್ಟೇ.

ನನಗೆ ಈಗ ಹತ್ತಿರವಾಗಿರುವ ವಿಷಯ ಹೆಣ್ಣುಮಕ್ಕಳ ಪಂದ್ಯಗಳದ್ದು. ಕರ್ನಾಟಕದ ತೇಜಸ್ವಿನಿ ಬಾಯಿ ಇದ್ದ ಭಾರತ ತಂಡ 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲೂ ಆಡುವ ಹುಡುಗಿಯರಿದ್ದಾರೆ. ಮದುವೆ, ಕೆಲಸ ಅಂತ ಆಟ ಬಿಟ್ಟ ಮೇಲೆ ಅವರ ಆಟದ ತಿಳಿವಳಿಕೆ ಹಾಗೇ ಮನೆಯಲ್ಲಿ ಉಳಿದುಬಿಡುತ್ತದೆ. ಅಂಥ ಇಬ್ಬರನ್ನು ಈಗ ಪರೀಕ್ಷೆಗೆ ತಯಾರು ಮಾಡುತ್ತಿದ್ದೇನೆ. ಹೆಂಗಸರ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ, ಬಾಕ್ ಲೈನ್ 3 ಮೀಟರಿಗೇ ಬರುತ್ತದೆ. ಗಂಡಸರ ಅಂಕಣಕ್ಕೆ ಹೊಂದಿಕೊಂಡ ನನ್ನ ಕಣ್ಣಿಗಿಂತ ಆ ಅಳತೆ ಅವರ ಕಾಲಿಗೇ ಚೆನ್ನಾಗಿ ಗೊತ್ತು. ಸದ್ಯಕ್ಕೆ ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನದಲ್ಲಿ ಸುಣ್ಣ ಹಾಕಿ, ಹುಡುಗರ ಅಭ್ಯಾಸಕ್ಕೆ ಅವರ ಕೈಯಲ್ಲೇ ಸೀಟಿ ಊದಿಸುತ್ತಿದ್ದೇನೆ.